ಮಳೆಗಾಲ ಕಳೆದು ದೋಣಿ ಇಳಿಸುವಾಗ ಎಂಜಿನ್ ಸ್ಟಾರ್ಟ್ ಆಗದಿದ್ದರೆ

ಆಗಸ್ಟ್ ಮೊದಲ ವಾರದ ಒಂದು ಬೆಳಗ್ಗೆ ನಾವು ಬೆಂಗ್ರೆಯ ನದಿ ಬದಿಗೆ ಹೋಗಿದ್ದೆವು. ತೆಂಗಿನ ಮರದಡಿ ಒಂದು ಫೈಬರ್ ದೋಣಿ. ಪಕ್ಕದಲ್ಲಿ ಮರದ ಸ್ಟ್ಯಾಂಡಿಗೆ ಬಿಗಿದ ಔಟ್‌ಬೋರ್ಡ್ ಎಂಜಿನ್. ಅದರ ಹಗ್ಗ ಹಿಡಿದು ಬೆವರಿಳಿಸಿಕೊಂಡು ನಿಂತ ಒಬ್ಬ ಯುವಕ. ಎಷ್ಟು ಸಲ ಎಳೆದಿದ್ದಾನೋ, ಅಂಗೈ ಕೆಂಪಾಗಿತ್ತು. ಎಂಜಿನ್ ಮಾತ್ರ ಕೆಮ್ಮಲೂ ಇಲ್ಲ.

ಗಲ್ಫಿನಲ್ಲಿ ಹಲವು ವರ್ಷ ದುಡಿದು ಕಳೆದ ವರ್ಷ ಊರಿಗೆ ಬಂದವನು. ಕೂಡಿಟ್ಟ ಹಣಕ್ಕೆ ಹೆಂಡತಿಯ ಬಳೆ ಅಡವಿಟ್ಟ ಹಣವನ್ನೂ ಸೇರಿಸಿ ಸೆಕೆಂಡ್ ಹ್ಯಾಂಡ್ ದೋಣಿ, ಎಂಜಿನ್, ಬಲೆ ಮಾಡಿಕೊಂಡಿದ್ದಾನೆ. ಮಳೆಗಾಲದಲ್ಲಿ ದುಡಿಮೆ ಇಲ್ಲ. ಸಾಲದ ಕಂತಿಗೆ ಮಾತ್ರ ಮಳೆಗಾಲದ ರಜೆ ಇಲ್ಲ. ನೀರು ಸ್ವಲ್ಪ ಇಳಿದ ಕೂಡಲೇ ದೋಣಿ ಇಳಿಸಬೇಕು ಎಂದು ದಿನ ಎಣಿಸುತ್ತಿದ್ದವನಿಗೆ ಈ ಗತಿ.

ಆಚೆ ಮನೆಯ ಕಾಕ ಜಗಲಿಯಿಂದ ಎಲ್ಲ ನೋಡುತ್ತಿದ್ದರು. ದೋಣಿ, ಎಂಜಿನ್ ಅಂತಲೇ ಆಯುಷ್ಯ ಕಳೆದವರು. ಮೆಲ್ಲ ಎದ್ದು ಬಂದರು.

"ಕಾಕ, ಕಾಯಿಲ್ ಹೋಗಿರ್ಬೇಕಂತೆ. ಒಬ್ಬರು ಫೋನಲ್ಲಿ ಹೇಳಿದ್ರು. ಹೊಸದಕ್ಕೆ ಹೇಳಿ ಬಿಡ್ಲಾ?"

"ಪ್ಲಗ್ ಬಿಚ್ಚಿ ನೋಡಿದ್ಯಾ ಮೋನೆ?"

"ಇಲ್ಲ."

"ಟ್ಯಾಂಕಿನ ಪೆಟ್ರೋಲ್ ಯಾವಾಗಿನದ್ದು?"

"ಮೇ ತಿಂಗಳದ್ದೇ. ಅರ್ಧ ಉಂಟು."

"ಮತ್ತೆ ಕಾಯಿಲ್ ಹೋಗಿದೆ ಅಂತ ಫೋನಿಗೆ ಹೇಗೆ ಗೊತ್ತಾಯ್ತು?"

ಈ ಪ್ರಶ್ನೆಗೆ ಯುವಕ ನಕ್ಕ, ನಾವೂ ನಕ್ಕೆವು. ಆದರೆ ಆಗಸ್ಟ್ ಬಂದರೆ ನಮ್ಮ ಕಡಲ ಬದಿ, ನದಿ ಬದಿಯ ಎಷ್ಟೋ ಮನೆಗಳಲ್ಲಿ ಇದೇ ಕತೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಮೋಟಾರಿನ ನಾಡದೋಣಿಗಳಿಗೆ ವಿನಾಯಿತಿ ಇದ್ದರೂ, ಒಬ್ಬಿಬ್ಬರು ನಡೆಸುವ ಸಣ್ಣ ದೋಣಿಗಳಲ್ಲಿ ಎಷ್ಟೋ ದೋಣಿಗಳು ನೆರೆ ನೀರಿಗೆ, ಕಡಲಿನ ಅಬ್ಬರಕ್ಕೆ ಹೆದರಿ ಮೇಲೆಯೇ ಕುಳಿತುಕೊಳ್ಳುತ್ತವೆ. ಎರಡು ತಿಂಗಳು ಸುಮ್ಮನೆ ಕುಳಿತ ಎಂಜಿನನ್ನು ಒಂದೇ ಬೆಳಗ್ಗೆ ಎಬ್ಬಿಸಲು ಹೊರಟರೆ ಅದು ಹಟ ಹಿಡಿಯುತ್ತದೆ. ಆಗ ಗಾಬರಿಯಲ್ಲಿ ದುಬಾರಿ ಪಾರ್ಟಿಗೆ ಕೈ ಹಾಕುತ್ತೇವೆ. ಕಾಕ ಆ ದಿನ ನಮ್ಮೆದುರೇ ಎಂಜಿನ್ ನೋಡಿದ ಕ್ರಮವನ್ನು ಇಲ್ಲಿ ಹಾಗೆಯೇ ಬರೆದಿದ್ದೇವೆ. ಖರ್ಚಿಲ್ಲದ್ದು ಮೊದಲು, ಖರ್ಚಿನದ್ದು ಕೊನೆಗೆ. ಇಷ್ಟೇ ಅವರ ಸೂತ್ರ.

ಮೊದಲು ನೀರಿನ ಡ್ರಮ್

ಕಾಕ ಹಗ್ಗ ಮುಟ್ಟಲಿಲ್ಲ. "ಮೊದಲು ಡ್ರಮ್ ತಾ" ಅಂದರು. ಔಟ್‌ಬೋರ್ಡ್ ಎಂಜಿನ್ ತಣ್ಣಗಾಗುವುದು ಹೊರಗಿನ ನೀರಿನಿಂದ. ಅದನ್ನು ಒಳಗೆ ಎಳೆಯುವುದು ಕೆಳಗಿನ ಭಾಗದಲ್ಲಿರುವ ರಬ್ಬರಿನ ಇಂಪೆಲ್ಲರ್. ನೀರಿಲ್ಲದೆ ಎಂಜಿನ್ ಸ್ಟಾರ್ಟ್ ಆಗಿಬಿಟ್ಟರೆ ಆ ರಬ್ಬರ್ ಸ್ವಲ್ಪ ಹೊತ್ತಿನಲ್ಲೇ ಸವೆದು ಸುಟ್ಟು ಹೋಗುತ್ತದೆ. ಆಮೇಲೆ ಎಂಜಿನ್ ಓಡುತ್ತದೆ, ಆದರೆ ನೀರು ಮೇಲೆ ಬರುವುದಿಲ್ಲ. ನಡು ನೀರಿನಲ್ಲಿ ಬಿಸಿಯಾಗಿ ನಿಲ್ಲುತ್ತದೆ.

ಯುವಕ ಒಣ ಸ್ಟ್ಯಾಂಡಿನಲ್ಲೇ ಅಷ್ಟು ಸಲ ಎಳೆದಿದ್ದ. ಸ್ಟಾರ್ಟ್ ಆಗದ್ದೇ ಒಳ್ಳೆಯದಾಯಿತು. ಡ್ರಮ್ಮಿನಲ್ಲಿ ನೀರು ಇಂಪೆಲ್ಲರ್ ಇರುವ ಮಟ್ಟಕ್ಕಿಂತ ಮೇಲೆ ನಿಲ್ಲಬೇಕು. ಒಳಗೆ ಪ್ರೊಪೆಲ್ಲರ್ ಇರುವುದರಿಂದ ಗೇರ್ ನ್ಯೂಟ್ರಲ್‌ನಲ್ಲೇ ಇರಬೇಕು, ಕೈ ಹಾಕಬಾರದು, ಮಕ್ಕಳನ್ನು ದೂರ ಇಡಬೇಕು.

ಕಾಸು ಖರ್ಚಿಲ್ಲದ ಐದು ವಿಷಯ

ಡ್ರಮ್ ಬಂದ ಮೇಲೆ ಕಾಕ ಸ್ಪ್ಯಾನರ್ ಹಿಡಿಯದೆ ಐದು ಕಡೆ ನೋಡಿದರು.

ಒಂದು, ಕೆಂಪು ಹಗ್ಗದ ಸೇಫ್ಟಿ ಕ್ಲಿಪ್. ಓಡಿಸುವವನ ಕೈಗೆ ಕಟ್ಟುವ ಈ ಕ್ಲಿಪ್ ಸ್ಟಾಪ್ ಸ್ವಿಚ್ಚಿನಲ್ಲಿ ಸರಿಯಾಗಿ ಕೂತಿರದಿದ್ದರೆ ನೂರು ಸಲ ಎಳೆದರೂ ಸ್ಪಾರ್ಕ್ ಬರುವುದಿಲ್ಲ. ಮಳೆಗಾಲದಲ್ಲಿ ಮಕ್ಕಳು ಎಳೆದಿಟ್ಟಿರುತ್ತಾರೆ, ಮರೆತೇ ಹೋಗಿರುತ್ತದೆ.

ಎರಡು, ಗೇರ್ ನ್ಯೂಟ್ರಲ್‌ನಲ್ಲಿ ಉಂಟಾ? ಹಲವು ಎಂಜಿನ್‌ಗಳು ಗೇರಿನಲ್ಲಿದ್ದರೆ ಸ್ಟಾರ್ಟ್ ಆಗದ ಹಾಗೆ ಮಾಡಿರುತ್ತಾರೆ.

ಮೂರು, ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿ ಸ್ಕ್ರೂ. ಮಳೆ ನೀರು ಹೋಗಬಾರದು ಎಂದು ಬಿಗಿ ಮಾಡಿಟ್ಟದ್ದನ್ನು ತೆರೆಯಬೇಕು. ಗಾಳಿ ಒಳಗೆ ಹೋಗದಿದ್ದರೆ ಎಣ್ಣೆ ಹೊರಗೆ ಬರುವುದಿಲ್ಲ. ಸ್ಟಾರ್ಟ್ ಆಗಿ ಐದು ನಿಮಿಷಕ್ಕೆ ನಿಲ್ಲುವ ಎಂಜಿನ್‌ಗೂ ಎಷ್ಟೋ ಸಲ ಇದೇ ಕಾರಣ.

ನಾಲ್ಕು, ಪೈಪಿನ ನಡುವಿನ ರಬ್ಬರ್ ಬಲ್ಬ್. ಅದರ ಮೇಲಿನ ಬಾಣದ ಗುರುತು ಎಂಜಿನ್ ಕಡೆಗೆ ಇರಬೇಕು. ಒತ್ತುತ್ತಾ ಹೋದ ಹಾಗೆ ಗಟ್ಟಿಯಾಗಬೇಕು. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ ಎಂದು ಅರ್ಥ: ಪೈಪಿನಲ್ಲಿ ಬಿರುಕು, ಕನೆಕ್ಟರಿನಲ್ಲಿ ಸಡಿಲು, ಇಲ್ಲವೇ ಬಲ್ಬಿನ ವಾಲ್ವ್ ಹೋಗಿದೆ.

ಐದು, ವೈರ್. ಎಂಜಿನ್ ಮುಚ್ಚಳ ತೆಗೆದು ನೋಡಬೇಕು. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಬರುವ ಇಲಿಗೆ ಎಂಜಿನ್ ಮುಚ್ಚಳದ ಒಳಗಿಗಿಂತ ಒಳ್ಳೆ ಮನೆ ಎಲ್ಲುಂಟು? ಕಚ್ಚಿದ ವೈರ್, ಉಪ್ಪಿನ ಗಾಳಿಗೆ ಹಸಿರು ಕಿಲುಬು ಹಿಡಿದ ಜಾಯಿಂಟ್ ಕಣ್ಣಿಗೇ ಕಾಣುತ್ತದೆ.

ಈ ಐದೂ ಸರಿ ಇತ್ತು. ಕಾಕ ಬೀಡಿ ಸೇದುತ್ತಿದ್ದ ಒಬ್ಬರನ್ನು ದೂರ ಕಳಿಸಿದರು. "ಇನ್ನು ಪೆಟ್ರೋಲಿನ ಕೆಲಸ."

ಬಾಟಲಿಯಲ್ಲಿ ಕಂಡ ಗೆರೆ

ಖಾಲಿ ಪಾರದರ್ಶಕ ಬಾಟಲಿಗೆ ಟ್ಯಾಂಕಿನ ತಳದಿಂದ ಸ್ವಲ್ಪ ಪೆಟ್ರೋಲ್ ತೆಗೆದು ಕಟ್ಟೆಯ ಮೇಲೆ ಇಟ್ಟರು. ಹತ್ತು ಹದಿನೈದು ನಿಮಿಷ ಅಲ್ಲಾಡಿಸಬೇಡಿ ಎಂದರು. ಆಮೇಲೆ ನೋಡಿದರೆ ತಳದಲ್ಲಿ ಒಂದು ಬೇರೆಯೇ ಪದರ, ನಡುವೆ ಸ್ಪಷ್ಟ ಗೆರೆ. ಮೂಗಿಗೆ ಹಿಡಿದರೆ ಹೊಸ ಪೆಟ್ರೋಲಿನ ವಾಸನೆ ಅಲ್ಲ, ಹಳೆ ವಾರ್ನಿಶಿನ ಹಾಗೆ ಹುಳಿ ವಾಸನೆ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಅರ್ಧ ತುಂಬಿದ ಟ್ಯಾಂಕ್, ಎರಡು ತಿಂಗಳ ಮಳೆಯ ತೇವ, ಹಗಲು ರಾತ್ರಿ ಬಿಸಿ ತಂಪಾಗುವಾಗ ಒಳಗೆ ಇಳಿಯುವ ನೀರಿನ ಹನಿ. ನೀರು ಹೆಚ್ಚಾದಾಗ ಅದು ಎಥನಾಲ್ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ. ಪೈಪ್ ಎಣ್ಣೆ ಎಳೆಯುವುದೂ ತಳದಿಂದಲೇ. ಅಂದರೆ ಎಂಜಿನ್‌ಗೆ ಮೊದಲು ಹೋಗುವುದು ಉರಿಯದ ಆ ನೀರು. ಹಳೆಯ ರಬ್ಬರ್ ಪೈಪುಗಳನ್ನೂ ಎಥನಾಲ್ ಕೆಡಿಸುತ್ತದೆ, ಒಳಗಿನಿಂದ ಪುಡಿಯಾಗಿ ಬಂದು ಫಿಲ್ಟರ್ ಕಟ್ಟುತ್ತದೆ.

ಇದಕ್ಕೆ ಮದ್ದಿಲ್ಲ. ಹೊಸ ಪೆಟ್ರೋಲ್ ಸೇರಿಸಿ "ಸರಿಯಾಗ್ತದೆ" ಅನ್ನುವವರಿದ್ದಾರೆ, ಆಗುವುದಿಲ್ಲ. ಪೂರ್ತಿ ತೆಗೆದು, ಟ್ಯಾಂಕ್ ಒಣಗಿಸಿ, ಫಿಲ್ಟರ್ ತೊಳೆದು ಅಥವಾ ಬದಲಿಸಿ, ಹೊಸದು ಹಾಕಬೇಕು. ಟು ಸ್ಟ್ರೋಕ್ ಎಂಜಿನ್ ಆದರೆ ಟೂಟಿ ಆಯಿಲ್ ಅಳೆದೇ ಬೆರೆಸಬೇಕು. ಪುಸ್ತಕದಲ್ಲಿ 50:1 ಎಂದಿದ್ದರೆ ಲೀಟರಿಗೆ 20 ಮಿ.ಲೀ. ಸೀಮೆಎಣ್ಣೆ ಎಂಜಿನ್‌ಗೆ ಲೆಕ್ಕ ಬೇರೆ ಇರುತ್ತದೆ, ಅಂದಾಜಿಗೆ ಸುರಿಯುವುದು ಬೇಡ. ತೆಗೆದ ಹಳೆ ಪೆಟ್ರೋಲನ್ನು ನದಿಗೆ ಚೆಲ್ಲಬಾರದು. ಅದೇ ನದಿಯ ಮರುವಾಯಿ, ಮೀನು ನಾಳೆ ನಮ್ಮ ಬಟ್ಟಲಿಗೆ ಬರುವುದು.

ಪ್ಲಗ್ ಹೇಳುವ ಕತೆ

ಆಮೇಲೆ ಎರಡೂ ಪ್ಲಗ್ ಬಿಚ್ಚಿದರು. ಎರಡೂ ಕಪ್ಪು, ಎರಡೂ ಒದ್ದೆ. ಪ್ಲಗ್ ಒದ್ದೆಯಾಗಿದ್ದರೆ ಎಣ್ಣೆ ಬರುತ್ತಿದೆ, ಉರಿಯುತ್ತಿಲ್ಲ. ಪೂರ್ತಿ ಒಣಗಿದ್ದರೆ ಎಣ್ಣೆಯೇ ಬರುತ್ತಿಲ್ಲ, ಹಿಂದೆ ಪೈಪ್, ಫಿಲ್ಟರ್, ಕಾರ್ಬೊರೇಟರ್ ಕಡೆ ಹುಡುಕಬೇಕು. ನೀರಿನ ಮಣಿ ಅಥವಾ ಬಿಳಿ ಉಪ್ಪು ಕಂಡರೆ ಒಳಗೆ ನೀರು ಹೋಗಿದೆ, ಅದು ಮೆಕ್ಯಾನಿಕ್ ನೋಡಬೇಕಾದ ವಿಷಯ.

ಸ್ಪಾರ್ಕ್ ನೋಡುವ ಮುಂಚೆ ಪೆಟ್ರೋಲ್ ಟ್ಯಾಂಕ್, ಬಾಟಲಿ, ಬಟ್ಟೆ ಎಲ್ಲ ದೂರ ಇಟ್ಟರು. ಚೆಲ್ಲಿದ್ದನ್ನು ಒರೆಸಿ ಗಾಳಿಯಾಡಲು ಬಿಟ್ಟರು. ಪ್ಲಗ್ ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಭಾಗವನ್ನು ಎಂಜಿನ್ ಬಾಡಿಗೆ ತಾಗಿಸಿ, ಪ್ಲಗ್ ಇದ್ದ ತೂತಿನಿಂದ ದೂರ ಹಿಡಿದು ಹಗ್ಗ ಎಳೆಯುವುದು. ಹಿಡಿಯುವುದು ರಬ್ಬರ್ ಹಿಡಿಯ ಇಕ್ಕುಳದಲ್ಲಿ, ಬರಿಗೈಯಲ್ಲಿ ಅಲ್ಲ. ಎರಡು ಪ್ಲಗ್ ಇದ್ದರೆ ಎರಡನ್ನೂ ಬಾಡಿಗೆ ತಾಗಿಸಿಯೇ ಎಳೆಯಬೇಕು. ಸೇಫ್ಟಿ ಕ್ಲಿಪ್ ಹಾಕಿರಬೇಕು, ಇಲ್ಲದಿದ್ದರೆ ಸ್ಪಾರ್ಕ್ ಇಲ್ಲವೆಂದು ತಪ್ಪು ತಿಳಿದುಕೊಳ್ಳುತ್ತೇವೆ.

ನೀಲಿ ಕಿಡಿ ಚಟ್ ಚಟ್ ಎಂದು ಹಾರಿತು. ಕಾಕ ಯುವಕನ ಮುಖ ನೋಡಿದರು. "ಹೋಗಿದೆ ಅಂದ ಕಾಯಿಲ್ ಇದೇನಾ?"

ಕಿಡಿ ಬರದಿದ್ದರೆ ಮೊದಲು ಹೊಸ ಪ್ಲಗ್ ಹಾಕಿ ನೋಡುವುದು. ಪುಸ್ತಕದಲ್ಲಿ ಹೇಳಿದ ನಂಬರಿನದ್ದೇ ಆಗಬೇಕು. ಆಗಲೂ ಬರದಿದ್ದರೆ ಸ್ಟಾಪ್ ಸ್ವಿಚ್ಚಿನ ವೈರ್ ಎಲ್ಲಾದರೂ ಬಾಡಿಗೆ ತಾಗಿದೆಯಾ ನೋಡುವುದು. ಅದೂ ಸರಿ ಇದ್ದರೆ ಮಾತ್ರ ಕಾಯಿಲ್, ಸಿಡಿಐ ಮಾತು. ಅಲ್ಲಿಂದ ಮುಂದೆ ಮೀಟರ್ ಇರುವ ಮೆಕ್ಯಾನಿಕ್‌ನ ಕೆಲಸ.

ಮೇ ತಿಂಗಳ ಕೊನೆಯ ದಿನ ಎಂತ ಆಯ್ತು?

ಕಾರ್ಬೊರೇಟರಿನ ತಳದ ಸ್ಕ್ರೂ ಬಿಚ್ಚಿ ಒಳಗಿದ್ದದ್ದನ್ನು ಸಣ್ಣ ಪಾತ್ರೆಗೆ ಇಳಿಸಿದಾಗ ಪೂರ್ತಿ ಕತೆ ಹೊರಗೆ ಬಂತು. ವಾಸನೆ ಪೆಟ್ರೋಲಿನದ್ದಲ್ಲ, ಸೀಮೆಎಣ್ಣೆಯದ್ದು. ಜೊತೆಗೆ ಕಂದು ಬಣ್ಣದ ಅಂಟು.

"ಕೊನೆ ದಿನ ಚಿಮಿಣಿ ಎಣ್ಣೆಯಲ್ಲೇ ಆಫ್ ಮಾಡಿದ್ಯಾ ಮೋನೆ?"

"ಹೌದು ಕಾಕ. ಮಳೆ ಬರ್ತಿತ್ತು. ಬೇಗ ಕಟ್ಟಿ ಹೋದೆ."

ಸೀಮೆಎಣ್ಣೆಯ ಔಟ್‌ಬೋರ್ಡ್ ಇರುವ ಮನೆಯವರು ಇದನ್ನು ಗೋಡೆಯಲ್ಲಿ ಬರೆದಿಡಬಹುದು. ಈ ಎಂಜಿನ್ ಸ್ಟಾರ್ಟ್ ಆಗುವುದು ಪೆಟ್ರೋಲಿನಲ್ಲಿ. ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು. ನಿಲ್ಲಿಸುವ ಮುಂಚೆ ಕೆಲವು ನಿಮಿಷ ಪುನಃ ಪೆಟ್ರೋಲಿನಲ್ಲಿ ಓಡಿಸಬೇಕು, ಕಾರ್ಬೊರೇಟರ್ ಒಳಗಿನ ಸೀಮೆಎಣ್ಣೆ ಖಾಲಿಯಾಗಲಿಕ್ಕೆ. ತಣ್ಣಗಿನ ಎಂಜಿನ್‌ನಲ್ಲಿ ಸೀಮೆಎಣ್ಣೆ ಸುಲಭದಲ್ಲಿ ಆವಿಯಾಗುವುದಿಲ್ಲ, ಕಿಡಿ ಎಷ್ಟು ಒಳ್ಳೆಯದಿದ್ದರೂ ಹತ್ತುವುದಿಲ್ಲ, ಪ್ಲಗ್ ಒದ್ದೆಯಾಗುತ್ತದೆ ಅಷ್ಟೆ. ಎರಡು ತಿಂಗಳು ಹಾಗೇ ಬಿಟ್ಟರೆ ಒಳಗೆ ಅಂಟಾಗಿ ಕೂದಲೆಳೆಯಷ್ಟು ಸಣ್ಣ ಜೆಟ್ಟಿನ ತೂತು ಮುಚ್ಚಿಕೊಳ್ಳುತ್ತದೆ. ಆಗಸ್ಟಿನ ಈ ಬೆಳಗಿನ ತೊಂದರೆ ಶುರುವಾದದ್ದು ಮೇ ತಿಂಗಳ ಆ ಸಂಜೆ.

ಜೆಟ್ ಬಿಚ್ಚಿ ಕ್ಲೀನರ್ ಸ್ಪ್ರೇ ಹೊಡೆದು, ಪಂಪಿನ ಗಾಳಿ ಬಿಟ್ಟು, ಬೆಳಕಿಗೆ ಹಿಡಿದು ಆಚೆ ಕಾಣುತ್ತದಾ ನೋಡಿದರು. ತಂತಿ, ಸೂಜಿ ಹಾಕಬಾರದು ಎಂದು ಎರಡು ಸಲ ಹೇಳಿದರು. ಜೆಟ್ ಮೆತ್ತಗಿನ ಹಿತ್ತಾಳೆಯದ್ದು. ತೂತು ಒಂಚೂರು ದೊಡ್ಡದಾದರೂ ಎಂಜಿನ್ ಲೆಕ್ಕ ತಪ್ಪುತ್ತದೆ.

ಕೊನೆಗೆ ಪ್ಲಗ್ ಹಾಕುವ ಮೊದಲು ಕ್ಲಿಪ್ ತೆಗೆದು ನಾಲ್ಕೈದು ಸಲ ಹಗ್ಗ ಎಳೆದು ಒಳಗಿನ ಒದ್ದೆಯನ್ನು ಹೊರಗೆ ಹಾಕಿದರು. ಹೊಸ ಪ್ಲಗ್, ಹೊಸ ಪೆಟ್ರೋಲ್. ಬಲ್ಬ್ ಗಟ್ಟಿಯಾಗುವವರೆಗೆ ಒತ್ತಿ, ಕ್ಲಿಪ್ ಹಾಕಿ, ಚೋಕ್ ಎಳೆದು, ಹಗ್ಗವನ್ನು ಯುವಕನ ಕೈಗೇ ಕೊಟ್ಟರು.

ನಾಲ್ಕನೇ ಸಲಕ್ಕೆ ಎಂಜಿನ್ ಕೆಮ್ಮಿತು. "ಚೋಕ್ ಒಳಗೆ ಹಾಕು!" ಆರನೇ ಸಲಕ್ಕೆ ಹೊಗೆ ಬಿಟ್ಟು ಹತ್ತಿಕೊಂಡಿತು. ಮನೆ ಬಾಗಿಲಲ್ಲಿ ನಿಂತಿದ್ದ ಅವನ ಉಮ್ಮ ಒಳಗೆ ಹೋದವರು ಎಲ್ಲರಿಗೂ ಚಾ ತಂದರು.

ಸ್ಟಾರ್ಟ್ ಆದರೆ ಮುಗಿಯಲಿಲ್ಲ

ಕಾಕನ ಕಣ್ಣು ಎಂಜಿನ್‌ನ ಬದಿಯ ಸಣ್ಣ ತೂತಿನ ಮೇಲಿತ್ತು. ಅಲ್ಲಿಂದ ನೀರು ಚಿಮ್ಮುತ್ತಾ ಹೊರಗೆ ಬರಬೇಕು. ಬಂದದ್ದು ತೊಟ್ಟು ತೊಟ್ಟು. ಕೂಡಲೇ ಆಫ್ ಮಾಡಿಸಿದರು. ಆ ತೂತಿನ ಬಾಯಿಯಲ್ಲಿ ಉಪ್ಪು ಕಟ್ಟಿತ್ತು. ಇಲ್ಲಿ ತಂತಿ ಹಾಕಬಹುದು. ಬಿಡಿಸಿದ ಮೇಲೆ ನೀರು ಸರಿಯಾಗಿ ಬಂತು. ಬಾರದಿದ್ದರೆ ಇಂಪೆಲ್ಲರ್ ಬದಲಿಸದೆ ದೋಣಿ ಇಳಿಸುವ ಹಾಗಿಲ್ಲ.

ಗೇರ್ ಆಯಿಲನ್ನೂ ತಳದ ಸ್ಕ್ರೂ ಸಡಿಲಿಸಿ ನಾಲ್ಕು ಹನಿ ನೋಡಿದರು. ಹಾಲು ಹಾಕಿದ ಚಾದ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿ ನೀರು ಒಳಗೆ ಹೋಗಿದೆ ಎಂದು ಅರ್ಥ. ಇದರದ್ದು ಚೆನ್ನಾಗಿತ್ತು.

ಹಗ್ಗದ ಬಗ್ಗೆಯೂ ಒಂದು ಮಾತು. ಎಳೆಯುವಾಗ ಕೈಗೆ ಎದುರು ಬಲ ಸಿಗದೆ ಸಲೀಸಾಗಿ ಬಂದರೆ ಒಳಗೆ ಕಂಪ್ರೆಶನ್ ಹೋಗಿರಬಹುದು. ಹಗ್ಗ ಅಲ್ಲಾಡದಿದ್ದರೆ ಎಂಜಿನ್ ಜಾಮ್. ಆಗ ಇಬ್ಬರು ಸೇರಿ ಜಗ್ಗುವುದು, ಬಡಿಯುವುದು ಬೇಡ. ಪ್ಲಗ್ ತೂತಿನಲ್ಲಿ ಸ್ವಲ್ಪ ಆಯಿಲ್ ಬಿಟ್ಟು ರಾತ್ರಿ ಇಟ್ಟು, ಮರುದಿನ ಮೆಕ್ಯಾನಿಕ್‌ಗೆ ತೋರಿಸಬೇಕು.

ಡೀಸೆಲ್ ಬೋಟಿನವರಿಗೆ

ಧಕ್ಕೆಯ ದೊಡ್ಡ ಬೋಟುಗಳ ಕತೆ ಸ್ವಲ್ಪ ಬೇರೆ. ಅಲ್ಲಿ ಪ್ಲಗ್ ಇಲ್ಲ, ಕಿಡಿ ಇಲ್ಲ. ಸೆಲ್ಫ್ ಮೆಲ್ಲ ತಿರುಗಿದರೆ ಮೊದಲು ಬ್ಯಾಟರಿ, ಅದರ ಟರ್ಮಿನಲ್, ಅರ್ಥ್ ವೈರ್ ನೋಡಬೇಕು. ಚೆನ್ನಾಗಿ ತಿರುಗಿ ಹತ್ತದಿದ್ದರೆ ಹೊಗೆ ನೋಡಬೇಕು. ಹೊಗೆಯೇ ಇಲ್ಲವೆಂದರೆ ಡೀಸೆಲ್ ತಲುಪುತ್ತಿಲ್ಲ: ಕಾಕ್ ಮುಚ್ಚಿದೆ, ಫಿಲ್ಟರ್ ಕಟ್ಟಿದೆ, ಇಲ್ಲವೇ ಪೈಪಿನಲ್ಲಿ ಗಾಳಿ. ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಕೈಪಂಪ್ ಒತ್ತಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಗಾಳಿ ತೆಗೆಯಬೇಕು. ಬಿಳಿ ಹೊಗೆ ಬಂದರೆ ಡೀಸೆಲ್ ಬರುತ್ತಿದೆ, ಉರಿಯುತ್ತಿಲ್ಲ. ಡೀಸೆಲ್ ಟ್ಯಾಂಕಿನ ತಳದಲ್ಲೂ ಮಳೆಗಾಲದ ನೀರು ಇರುತ್ತದೆ, ವಾಟರ್ ಸೆಪರೇಟರ್ ಮೊದಲೇ ಖಾಲಿ ಮಾಡಬೇಕು. ಸೆಲ್ಫನ್ನು ಹತ್ತು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯದೆ ನಡುವೆ ಬಿಡುವು ಕೊಡಬೇಕು. ಹತ್ತಿದ ಕೂಡಲೇ ಕೂಲಿಂಗ್ ನೀರು ಹೊರಗೆ ಬರುತ್ತದಾ ನೋಡಬೇಕು.

ಇವತ್ತು ನದಿ ಮಾತ್ರ

ಎಂಜಿನ್ ಶಬ್ದ ಕೇಳಿ ಯುವಕನಿಗೆ ಜೀವ ಬಂತು. "ಕಾಕ, ಸಂಜೆ ಅಳಿವೆ ದಾಟಿ ಒಂದು ಬಲೆ ಬಿಟ್ಟು ಬರ್ಲಾ?"

ಕಾಕ ಚಾದ ಗ್ಲಾಸ್ ಕೆಳಗಿಟ್ಟರು. "ಇವತ್ತು ನದಿ ಮಾತ್ರ. ದಡ ಬಿಟ್ಟು ದೂರ ಹೋಗ್ಬೇಡ. ನಾಳೆ ಬೆಳಗ್ಗೆ ತಣ್ಣಗಿರುವಾಗ ಎರಡು ಮೂರು ಎಳೆತಕ್ಕೆ ಹತ್ತಿದ್ರೆ ಮತ್ತೆ ಮಾತಾಡುವ."

ಫಲ್ಗುಣಿ, ನೇತ್ರಾವತಿ ಎರಡೂ ಸೇರಿ ಕಡಲಿಗೆ ಇಳಿಯುವ ಅಳಿವೆ ಬಾಗಿಲು ಆಗಸ್ಟಿನಲ್ಲಿ ಎಂಥದ್ದು ಎಂದು ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ನದಿ ಹೊರಗೆ ತಳ್ಳುತ್ತದೆ, ಕಡಲು ಒಳಗೆ ತಳ್ಳುತ್ತದೆ, ನಡುವೆ ತೆರೆ ಏಳುತ್ತದೆ. ಅಲ್ಲಿ ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗಲು ನಿಮಿಷವೂ ಬೇಡ. ಒಮ್ಮೆ ತಾವು ಮೂವರು ಇದ್ದ ದೋಣಿಯ ಎಂಜಿನ್ ಅಲ್ಲಿಯೇ ನಿಂತ ಕತೆಯನ್ನು ಕಾಕ ಹೇಳಿದರು. ಮಳೆಗಾಲದ ನಂತರದ ಮೊದಲ ದಿನ, ಬೆಳಗ್ಗೆ ಕಷ್ಟದಲ್ಲಿ ಸ್ಟಾರ್ಟ್ ಆದ ಎಂಜಿನ್. ಲಂಗರು ಕೈಗೆ ಸಿಗುವ ಹಾಗೆ ಇದ್ದದ್ದರಿಂದ ಹಾಕಿ ದೋಣಿಯ ಮೂತಿಯನ್ನು ತೆರೆಗೆ ಎದುರಾಗಿ ಹಿಡಿದು, ಇನ್ನೊಂದು ದೋಣಿ ಬರುವವರೆಗೆ ಜೀವ ಉಳಿಸಿಕೊಂಡರಂತೆ. "ಲಂಗರಿನ ಹಗ್ಗ ಬಲೆಯ ಅಡಿಯಲ್ಲಿ ಇದ್ದಿದ್ರೆ ನಾನು ಇಲ್ಲಿ ಕೂತು ಚಾ ಕುಡಿಯುದಿಲ್ಲ."

ಹಾಗಾಗಿ ಎಂಜಿನ್ ಎಷ್ಟು ಒಳ್ಳೆಯದಾದರೂ ದೋಣಿಯಲ್ಲಿ ಹುಟ್ಟು, ಲಂಗರು, ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್, ಹೆಚ್ಚಿನ ಪ್ಲಗ್ ಮತ್ತು ಅದರ ಸ್ಪ್ಯಾನರ್, ನೀರು ಹೋಗದ ಕವರಿನಲ್ಲಿ ಫೋನ್ ಇರಬೇಕು. ಕಡಲಿನಲ್ಲಿ ಆಪತ್ತಾದರೆ ಕರಾವಳಿ ರಕ್ಷಣಾ ಪಡೆಯ ಸಹಾಯವಾಣಿ 1554, ಕರಾವಳಿ ಕಾವಲು ಪೊಲೀಸರದ್ದು 1093. ಮನೆಯವರ ಫೋನಿನಲ್ಲೂ ಇವು ಇರಲಿ. ಮನೆಗೆ ಬಾರದ ದೋಣಿಯನ್ನು ಮೊದಲು ಕಾಯುವುದು ಅವರೇ ತಾನೇ.

ಮುಂದಿನ ಮೇ ತಿಂಗಳಿಗೆ

ಈ ಪುಟವನ್ನು ಕತ್ತರಿಸಿ ಇಡುವುದಾದರೆ ಈ ಭಾಗಕ್ಕಾಗಿ ಇಡಿ. ಎಂಜಿನ್ ಮೇಲೆ ಇಡುವ ದಿನ ಸಿಹಿನೀರಿನ ಡ್ರಮ್ಮಿನಲ್ಲಿ ಹತ್ತು ನಿಮಿಷ ಓಡಿಸಿ ಉಪ್ಪು ತೊಳೆಯಿರಿ. ಓಡುತ್ತಿರುವಾಗಲೇ ಎಣ್ಣೆ ಪೈಪ್ ತೆಗೆದು, ಪೆಟ್ರೋಲ್ ತೀರಿ ತಾನಾಗಿ ನಿಲ್ಲಲು ಬಿಡಿ, ಉಳಿದದ್ದನ್ನು ತಳದ ಸ್ಕ್ರೂ ಬಿಚ್ಚಿ ಇಳಿಸಿ. ಟ್ಯಾಂಕ್ ಖಾಲಿ ಮಾಡಿ. ಪ್ಲಗ್ ಬಿಚ್ಚಿ ತೂತಿಗೆ ಒಂದೊಂದು ಸಣ್ಣ ಚಮಚ ಟೂಟಿ ಆಯಿಲ್ ಬಿಟ್ಟು, ಕ್ಲಿಪ್ ತೆಗೆದು ಮೆಲ್ಲ ಎರಡು ಸಲ ಹಗ್ಗ ಎಳೆದು ಪ್ಲಗ್ ಹಾಕಿ. ಗೇರ್ ಆಯಿಲ್ ಆಗಲೇ ಬದಲಿಸಿ, ಆಗಸ್ಟಿಗೆ ಇಡಬೇಡಿ. ಎಂಜಿನ್ ನೆಟ್ಟಗೆ ನಿಲ್ಲಿಸಿ, ಒಣ ಜಾಗದಲ್ಲಿ, ಗಾಳಿಯಾಡುವ ಬಟ್ಟೆ ಹೊದಿಸಿ. ಪ್ಲಾಸ್ಟಿಕ್ ಬಿಗಿದು ಕಟ್ಟಿದರೆ ಒಳಗೆ ಬೆವರಿ ತುಕ್ಕು ಹಿಡಿಯುತ್ತದೆ. ಬ್ಯಾಟರಿ ಇದ್ದರೆ ಬಿಚ್ಚಿ ಒಳಗಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಿ.

ಒಟ್ಟು ಒಂದು ಸಂಜೆಯ ಕೆಲಸ. ಜುಲೈ ಕೊನೆಯಲ್ಲಿ ಮೆಕ್ಯಾನಿಕ್ ಬಳಿ ಎಂಜಿನ್‌ಗಳ ಸಾಲು ಬೀಳುವ ಮುಂಚೆ ಒಂದು ಸಲ ಸ್ಟಾರ್ಟ್ ಮಾಡಿ ನೋಡಿದರೆ ಇನ್ನೂ ಒಳ್ಳೆಯದು.

ನಾವು ಹೊರಡುವಾಗ ಯುವಕ ದೋಣಿಯನ್ನು ನದಿಗೆ ಇಳಿಸಿದ್ದ. ದಡದ ಉದ್ದಕ್ಕೂ ಒಂದು ಸುತ್ತು ಹಾಕಿ ಬಂದ. ಮರುದಿನ ಬೆಳಗ್ಗೆ ಸುಬಹಿ ಮುಗಿದ ಮೇಲೆ ಅವನೇ ಫೋನ್ ಮಾಡಿದ: "ಎರಡನೇ ಎಳೆತಕ್ಕೆ ಹತ್ತಿತು. ಕಾಕ ಇವತ್ತೂ ನದಿಯೇ ಅಂದಿದ್ದಾರೆ."